ೞಕಾರಕ್ಕೆ ಹನ್ನೆರಡು ನಿಮಿಷ

ಆಬರಿಸ್ಟ್‌ವಿತ್. ಗುಡ್ಡದ ಮೇಲೆ ವಿಶ್ವವಿದ್ಯಾಲಯ, ಕೆಳಗೆ ಕಡಲು.
ಅಂತರಜಾಲ ಸಂಶೋಧನೆಯ ಅಂತರರಾಷ್ಟ್ರೀಯ ಸಮ್ಮೇಳನ,
ಮೂರನೆಯ ದಿನ.
ಕೊರಳಿಗೆ ತೂಗಿದ ಬಿಲ್ಲೆಯಲ್ಲಿ ಜಾಗ ಸಾಲದೆ
ಹೊಳೆಯಾಚೆ ಎಂಬ ನಮ್ಮ ಮನೆತನದ ಹೆಸರಲ್ಲಿ
ಹೊಳೆ ಉಳಿದಿತ್ತು,
ಆಚೆ ಆಚೆಗೇ ಹೋಗಿತ್ತು.

ದೊಡ್ಡ ಸಭಾಂಗಣದಲ್ಲಿ ದೊಡ್ಡ ಮಾತು:
ಎಷ್ಟು ಕೋಟಿ ಪದ ಉಣಿಸಿದರೆ ಯಂತ್ರ ಬಾಯಿ ಬಿಡುತ್ತದೆ,
ಯಾರ ಬೆರಳು ಯಾವ ಗುಂಡಿಯ ಮೇಲೆ ಎಷ್ಟು ಕ್ಷಣ ಅನುಮಾನಿಸುತ್ತದೆ.
ನನಗೆ ಸಿಕ್ಕಿದ್ದು ನೆಲಮಾಳಿಗೆಯ ಕೋಣೆ, ಊಟ ಮುಗಿದ ಹೊತ್ತು,
ಹನ್ನೆರಡು ನಿಮಿಷ, ಒಂಬತ್ತು ಜನ.
ಅವರಲ್ಲೊಬ್ಬರು ಕೋಣೆ ತಪ್ಪಿ ಬಂದವರು,
ಮರ್ಯಾದೆಗೆ ಕೂತಿದ್ದರು.

ನಾನು ಹೊತ್ತು ತಂದದ್ದು ಒಂದೇ ಅಕ್ಷರ.
ಎಂಟುನೂರು ವರ್ಷದ ಹಿಂದೆಯೇ ಬಾಯಿಂದ ಜಾರಿ
ಕಲ್ಲಲ್ಲಿ, ಓಲೆಯಲ್ಲಿ ಮಾತ್ರ ಉಳಿದ ೞ.
ಬಾಳು ಎಂದು ಹುಡುಕಿದರೆ ಬಾೞ್ ಸಿಗುವುದಿಲ್ಲ,
ಮಳೆ ಎಂದರೆ ಮೞೆ ಬರುವುದಿಲ್ಲ,
ಕೋಳಿ ಎಷ್ಟು ಕೂಗಿದರೂ ಕೋೞಿ ಏಳುವುದಿಲ್ಲ.
ಇಷ್ಟೇ ನನ್ನ ಪ್ರಬಂಧ. ಮಿಕ್ಕದ್ದು ಕೋಷ್ಟಕ.

ಇನ್ನೊಂದು ಮಾತೂ ಇತ್ತು.
ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿದ ಪಟ್ಟಿಯಲ್ಲಿ
ಯಾರೋ ಪುಣ್ಯಾತ್ಮರು ಇದಕ್ಕೆ ‘ಫ’ ಎಂದು ಹೆಸರಿಟ್ಟಿದ್ದಾರೆ.
ತಪ್ಪೆಂದು ಎಲ್ಲರಿಗೂ ಗೊತ್ತು;
ಇಟ್ಟ ಹೆಸರು ತಿದ್ದುವಂತಿಲ್ಲ, ಅದು ಅಲ್ಲಿನ ಕಟ್ಟಳೆ.
ತೊಟ್ಟಿಲಲ್ಲಿ ಪಕ್ಕದ ಮನೆಯ ಹೆಸರು ಊದಿಸಿಕೊಂಡ ಕೂಸು
ತನ್ನ ಸಂಖ್ಯೆಯೊಳಗೆ ಸುಮ್ಮನೆ ಮಲಗಿದೆ.

ಪರದೆ ಹೊತ್ತಿತು.
ಆ ಗಣಕದಲ್ಲಿ ಕನ್ನಡವೇ ಇರಲಿಲ್ಲ.
ನನ್ನ ಸಾಲುಗಳೆಲ್ಲ ಚೌಕ, ಚೌಕ, ಚೌಕ,
ಕಾಯಿ ಎತ್ತಿಟ್ಟ ಪಗಡೆಹಾಸು.
ಒಂಬತ್ತು ಜನ ಗೌರವದಿಂದ ನೋಡಿದರು
ಇದೇ ಕನ್ನಡ ಎಂದುಕೊಂಡು.
ಒಬ್ಬರು ಬರೆದುಕೊಂಡರು ಕೂಡ.

ತಂತಿ ಜೋಡಿಸುವವಳು ಓಡಿ ಬಂದಳು,
ಅಂಗಿ ತುಂಬ ಕಿಸೆ, ಕಿಸೆ ತುಂಬ ತಂತಿ.
ಹೆಸರು ಲ್ಹೈಕಿ; ನಾನು ಬರೆದದ್ದು ತಪ್ಪು,
ಅದರ ಮೊದಲ ಸದ್ದು ನನ್ನ ಲಿಪಿಯಲ್ಲಿಲ್ಲ.
ಲ ಅಲ್ಲ, ಹ ಅಲ್ಲ, ಳ ಮೊದಲೇ ಅಲ್ಲ.
ನಾಲಗೆಯ ತುದಿ ಹಲ್ಲ ಹಿಂದೆ ಊರು, ಉಸಿರು ಪಕ್ಕದಿಂದ ಬಿಡು, ಎಂದಳು.
ಕಾದ ಹಂಚಿಗೆ ನೀರು ಚಿಮುಕಿಸಿದ ಸದ್ದು.
ನಾನು ಮಾಡಿದೆ; ಮೈಕಿಗೆ ಉಗುಳು ಸಿಡಿಯಿತು.
ನಗುತ್ತ ಚೌಕವೊಂದನ್ನು ತೋರಿಸಿ
ಈಗ ನಿನ್ನದು ಹೇಳು, ಎಂದಳು.

ಹದಿನೆಂಟು ವರ್ಷ ಎಣಿಸಿದ್ದೇನೆ ಅದನ್ನು.
ಯಾವ ಕಲ್ಲಿನ ಎಷ್ಟನೆಯ ಸಾಲಲ್ಲಿ ಇದೆ,
ಎಲ್ಲಿ ಸವೆದು ಳ ಆಯಿತು, ಎಲ್ಲಿ ರ ಆಯಿತು.
ಯಾರೂ ಒಮ್ಮೆಯೂ ಹೇಳು ಎಂದಿರಲಿಲ್ಲ.
ನೆರೆಯ ಭಾಷೆಗಳ ಬಾಯಲ್ಲಿ ಇನ್ನೂ ಇದೆ, ತಂದುಕೊಳ್ಳಬಹುದು,
ಕೇಳಿ ತಂದ ಒಡವೆ ತೊಟ್ಟು ಮದುವೆಗೆ ಹೋದ ಹಾಗೆ.
ಬಾಯಿ ತೆರೆದೆ.
ಏನೋ ಒಂದು ಬಂತು.
ಲ್ಹೈಕಿ ಅದನ್ನೇ ತಿರುಗಿ ಅಂದಳು,
ನನ್ನದಕ್ಕಿಂತ ಚೆನ್ನಾಗಿತ್ತು.
ಸರಿಯೋ ತಪ್ಪೋ ಹೇಳುವವರು
ಎಂಟುನೂರು ವರ್ಷ ದೂರ.

ಗಂಟೆ. ಹನ್ನೆರಡು ನಿಮಿಷ.
ಪ್ರಶ್ನೆ ಕೇಳಿದವರು ಒಬ್ಬರೇ, ಕೋಣೆ ತಪ್ಪಿ ಬಂದವರು:
ಆ ಚೌಕಗಳಲ್ಲಿ ಅದು ಯಾವುದು?

ಸಂಜೆ ಕಡಲದಂಡೆಯಲ್ಲಿ ಇಡೀ ಊರು ನಡೆಯುತ್ತಿತ್ತು.
ಕಟ್ಟೆಯ ಹಾದಿ ಮುಗಿಯುವಲ್ಲಿ ಒಂದು ಕಬ್ಬಿಣದ ಕಂಬಿ;
ಮುದುಕರು, ವಿದ್ಯಾರ್ಥಿಗಳು, ನಾಯಿ ಹಿಡಿದವರು
ಅದಕ್ಕೊಂದು ಮೆತ್ತಗೆ ಒದ್ದು ಹಿಂದಿರುಗುತ್ತಾರೆ.
ಯಾಕೆ ಎಂದೆ.
ಗೊತ್ತಿಲ್ಲ, ಒದೆಯದಿದ್ದರೆ ನಡೆದ ಹಾಗಾಗುವುದಿಲ್ಲ, ಎಂದಳು ಲ್ಹೈಕಿ.
ಸೇತುವೆಯ ಕೆಳಗೆ ಗೊರವಂಕಗಳು ಸಾವಿರಗಟ್ಟಲೆ ಬಂದು ಕತ್ತಲಾದವು.
ನಾನೂ ಒದ್ದೆ.
ಕಾಲು ತಾಗಿದ್ದೇ ಕೈ ತಾನಾಗಿ ಬಾಗಿ
ಕಂಬಿ ಮುಟ್ಟಿ ಕಣ್ಣಿಗೆ ಹೋಯಿತು.

ಯಾಕೆ, ಎಂದಳು ಅವಳು.